ಉಪ್ಪು ಸಾಕುವ ಹೊಲ

ನಮ್ಮ ಹೊಲದ ಮೋರಿ ಮುಚ್ಚಿದವನು ನಮ್ಮಪ್ಪನೇ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ ಯಾರಾದರೂ ಎದ್ದು, ನಿಮ್ಮಪ್ಪನೇ ಅಲ್ಲವೇನಮ್ಮ ಮುಚ್ಚಿದ್ದು ಅಂತ ನನ್ನ ಬಾಯಿಗೆ ಬೀಗ ಹಾಕುವುದು ಬೇಡ.

ಅಪ್ಪನ ಹೆಸರು ಕರಿಸಿದ್ದಯ್ಯ. ಊರಿನ ನೀರುಗಂಟಿ. ನಾಲೆಯ ತೂಬು ಎತ್ತುವುದು, ಬದು ಕಡಿಯುವುದು, ಸರದಿ ಪ್ರಕಾರ ಒಬ್ಬೊಬ್ಬರ ಗದ್ದೆಗೆ ನೀರು ಹಾಯಿಸುವುದು ಅವನ ಕೆಲಸ. ಅವನಪ್ಪನೂ ಅದನ್ನೇ ಮಾಡಿದ್ದ. ಊರಿನ ಅಷ್ಟೂ ನೀರು ಅಪ್ಪನ ಕೈ ದಾಟಿಯೇ ಹೋಗಬೇಕು. ನಾಲೆಯಲ್ಲಿ ಹರಿಯುವಾಗ ಆ ನೀರನ್ನು ಅವನು ಮುಟ್ಟಬಹುದು. ಅದೇ ನೀರು ಕೊಡಕ್ಕೆ ಬಂದರೆ ಮುಟ್ಟಬಾರದು. ಇದು ಯಾವ ಕಾಲದ ಕಥೆ ಅಂತ ಕೇಳಬೇಡಿ. ನಾನು ದಿನಾ ಚಿಕ್ಕರಸಿನಕೆರೆ ಮೇಲೆ ಹೋಗುವ ಬಸ್ಸು ಹಿಡಿದು ಮದ್ದೂರಿನ ಗಾರ್ಮೆಂಟ್ಸಿಗೆ ಹೋಗಿ ಶರ್ಟಿನ ಕಾಲರ್ ಹೊಲಿಯುತ್ತೇನೆ. ನನ್ನ ಕೈಯಲ್ಲೂ ಫೋನಿದೆ. ಇದು ಈಗಿನದೇ ಕಥೆ.

ನಮ್ಮದು ಬೋರ್ಡಿನಲ್ಲಿ ಕಾಲೊನಿ, ಊರಿನವರ ಬಾಯಲ್ಲಿ ಹೊಲಗೇರಿ. ನಮ್ಮ ಕೇರಿಯವರಿಗೆ ಸರ್ಕಾರ ಕೊಟ್ಟ ಜಮೀನು ನಾಲೆಯ ತೀರಾ ಕೊನೆಗೆ, ತಗ್ಗಿನಲ್ಲಿದೆ. ಮೇಲಿನದೆಲ್ಲ ಹೊನ್ನಯ್ಯ ಮತ್ತು ಅವನ ದಾಯಾದಿಗಳ ಗದ್ದೆ. ಹೊನ್ನಯ್ಯ ಪಂಚಾಯಿತಿಯಲ್ಲೂ ಇದ್ದಾನೆ, ಹಾಲಿನ ಸಂಘಕ್ಕೂ ಅವನೇ ಅಧ್ಯಕ್ಷ. ಅವರ ಗದ್ದೆಗಳು ಹೊಟ್ಟೆ ತುಂಬ ಕುಡಿದ ಮೇಲೆ ನಮಗೆ ನೀರು. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಆದರೆ ನಮ್ಮ ಜಮೀನಿನ ಅಂಚಿಗೆ ಒಂದು ಬಸಿಗಾಲುವೆ ಇತ್ತು. ಮೇಲಿನ ಗದ್ದೆಗಳಿಂದ ಬಸಿದ ಹೆಚ್ಚಿನ ನೀರು ಅದರಲ್ಲಿ ಇಳಿದು, ಗಾಡಿದಾರಿಯ ಕೆಳಗಿನ ಕಲ್ಲುಮೋರಿಯಲ್ಲಿ ನುಗ್ಗಿ, ಆಚೆಯ ಹಳ್ಳ ಸೇರಿ ಶಿಂಷಾ ಕಡೆ ಹೋಗುತ್ತಿತ್ತು.

ನಾನಿನ್ನೂ ಶಾಲೆಗೆ ಹೋಗುತ್ತಿದ್ದಾಗ ಹೊನ್ನಯ್ಯ ಒಂದು ದಿನ ಅಪ್ಪನನ್ನು ಕರೆಸಿದ. ಗಾಡಿದಾರಿಯ ಆಚೆ ಬಸಿಗಾಲುವೆ ಹರಿಯುವ ಸರ್ಕಾರಿ ಜಾಗದ ಮೇಲೆ ಅವನ ಕಣ್ಣು ಬಿದ್ದಿತ್ತು. ಅದನ್ನು ಸಮ ಮಾಡಿ ಕಬ್ಬು ಹಾಕಬೇಕು. ಹಾಗಂತ ಅವನು ಹೇಳಲಿಲ್ಲ.

"ನೋಡ್ಲಾ ಕರಿಸಿದ್ದ, ಆ ಮೋರಿ ಇರಗಂಟ ನಿನ್ ಜಮೀನಲ್ಲಿ ನೀರು ನಿಲ್ಲಾಕಿಲ್ಲ. ಮುಚ್ಬುಡು. ಮೇಗ್ಲಿಂದ ಬಂದುದ್ದೆಲ್ಲ ನಿನ್ ತಾವೇ ನಿಂತ್ಕತದೆ. ಬತ್ತ ಬೆಳ್ಕೊ" ಅಂದನಂತೆ.

ಅಪ್ಪ ನಂಬಿದ. ಹುಟ್ಟಿದಾಗಿನಿಂದ ಕಂಡವರ ಗದ್ದೆಗೆ ನೀರು ಬಿಟ್ಟು, ತನ್ನ ಪಾಲಿನ ನೀರಿಗೆ ನಾಲೆಯ ಕೊನೆಯಲ್ಲಿ ಕಾದು ಕೂತವನಿಗೆ, ನೀರು ನಿನ್ನ ಹತ್ತಿರವೇ ನಿಲ್ಲುತ್ತದೆ ಅನ್ನುವ ಒಂದು ಮಾತು ಸಾಕಾಯಿತು. ಇಂಥ ತಪ್ಪನ್ನು ನೀರುಗಂಟಿಯೇ ಮಾಡಬೇಕು, ಬೇರೆ ಯಾರೂ ಮಾಡಲಾರರು. ಮೋರಿಗೆ ಕಲ್ಲು ಜಡಿದ. ಗೋಣಿಚೀಲಕ್ಕೆ ಮಣ್ಣು ತುಂಬಿ ತುರುಕಿದ. ಮೇಲೆ ಜೇಡಿಮಣ್ಣು ಮೆತ್ತಿದ. ಖುಷಿಯಿಂದಲೇ ಮಾಡಿದ. ಅವ್ವ ಅವನಿಗೆ ಮಧ್ಯಾಹ್ನದ ಮುದ್ದೆ ತೆಗೆದುಕೊಂಡು ಹೋಗಿ ಕೊಟ್ಟು ಬಂದಳು.

ಮೊದಲ ವರ್ಷ ಭತ್ತ ಬಂತು. ಅವ್ವ ಹೊಸ ಅಕ್ಕಿಯಲ್ಲಿ ಪಾಯಸ ಮಾಡಿದಳು. ಮುಂದಿನ ವರ್ಷ ಪೈರು ಹಳದಿಗೆ ತಿರುಗಿತು. ಅದರ ಮುಂದಿನ ಬೇಸಿಗೆಗೆ ನೆಲದ ಮೇಲೆ ಬೆಳ್ಳಗೆ ಏನೋ ಕಾಣಿಸಿತು. ಅಪ್ಪ ಕೈಯಲ್ಲಿ ಕೆರೆದು ನಾಲಗೆಗೆ ಇಟ್ಟುಕೊಂಡ. ಉಪ್ಪು. ಮೇಲಿನಿಂದ ಬಸಿದ ನೀರಿಗೆ ಹೋಗಲು ದಾರಿಯಿಲ್ಲ. ಅಲ್ಲೇ ನಿಂತು, ಬಿಸಿಲಿಗೆ ಆರಿ, ಉಪ್ಪನ್ನು ನಮ್ಮ ನೆಲದ ಮೇಲೆ ಬಿಟ್ಟು ಹೋಗುತ್ತಿತ್ತು. ಆಮೇಲೆ ರಾಗಿ ಹಾಕಿದರೆ ಮೊಳಕೆ ಬರಲಿಲ್ಲ. ಹುರುಳಿ ಬರಲಿಲ್ಲ. ಪಕ್ಕದ ಹೊಲದ ಮಾಯಮ್ಮ ಜಮೀನಿನ ಕಡೆ ತಲೆ ಹಾಕುವುದನ್ನೇ ಬಿಟ್ಟಳು.

ಮೋರಿ ತೆಗೆಯಲಾ ಅಂತ ಕೇಳಲು ಅಪ್ಪ ಹೊನ್ನಯ್ಯನ ಮನೆ ಬಾಗಿಲಿಗೆ ಹೋದ. ಅಷ್ಟು ಹೊತ್ತಿಗೆ ದಾರಿಯಾಚೆ ಕಬ್ಬು ಆಳುದ್ದ ನಿಂತಿತ್ತು.

"ನನ್ ಕಬ್ಗೆ ಉಪ್ಪುನೀರು ಬುಡ್ತೀಯೇನ್ಲಾ" ಅಂದ ಹೊನ್ನಯ್ಯ. "ಮುಚ್ದೋನು ನೀನೇ ತಾನೆ. ಮುಚ್ಕಂಡಿರು."

"ತಪ್ಪಾಯ್ತು ಬುದ್ದಿ" ಅಂದು ಅಪ್ಪ ವಾಪಸ್ಸು ಬಂದ. ಅವನಿಗೆ ಗೊತ್ತಿದ್ದದ್ದು ಅದೊಂದೇ ಮಾತು. ತಪ್ಪು ಮಾಡಿದರೂ ತಪ್ಪಾಯ್ತು ಬುದ್ದಿ, ಮಾಡದಿದ್ದರೂ ತಪ್ಪಾಯ್ತು ಬುದ್ದಿ. ಅವತ್ತು ಅವ್ವ ಅವನಿಗೆ ಬಡಿಸಿ ಎದ್ದು ಹೋದಳು. ಆಮೇಲೆ ಪಂಚಾಯಿತಿಗೆ ಅರ್ಜಿ ಹಾಕಿದಳು. ಗ್ರಾಮಸಭೆಯಲ್ಲಿ ಎದ್ದು ನಿಂತಳು. ಪ್ರತಿ ಸಲವೂ ಹೊನ್ನಯ್ಯ, ನೋಡಾಣ ಕುಂತ್ಕಳಮ್ಮ ಅನ್ನುತ್ತಿದ್ದ.

ಹೀಗಿರುವಾಗ ನಮ್ಮ ಹೊಲಕ್ಕೆ ಜೋಳ ಬಂತು. ಕೃಷಿ ಸಂಶೋಧನೆಯವರು ಒಂದು ಜೀಪಿನಲ್ಲಿ ಬಂದರು. ಅವರಲ್ಲಿ ಅರುಂಧತಿ ಅಂತ ಒಬ್ಬ ಮೇಡಂ. ಉಪ್ಪು ಮಣ್ಣಿನಲ್ಲೂ ಬದುಕುವ ಮೇವಿನ ಜೋಳ ಯಾವುದು ಅಂತ ಅವರಿಗೆ ನೋಡಬೇಕಿತ್ತು. ಬೇರೆ ಬೇರೆ ತಳಿಗಳನ್ನು ತಂದಿದ್ದರು. ಅದಕ್ಕೆ ಒಳ್ಳೆಯ ಉಪ್ಪು ಹೊಲ ಬೇಕು. ಹೊನ್ನಯ್ಯನೇ ಮುಂದೆ ನಿಂತು ನಮ್ಮ ಜಮೀನು ತೋರಿಸಿದ. ಇಂಥ ಉಪ್ಪು ನಿಮಗೆ ಬೇರೆ ಕಡೆ ಸಿಗಲ್ಲ ಮೇಡಂ ಅಂದನಂತೆ, ತನ್ನ ತೋಟದ ಎಳನೀರು ಹೊಗಳಿದ ಹಾಗೆ.

ಮೇಡಂ ಒಳ್ಳೆಯವರು. ಅದನ್ನೂ ಹೇಳಬೇಕು. ಅವ್ವನ ಪಕ್ಕ ಬದುವಿನ ಮೇಲೆ ಕೂತು ನಮ್ಮ ಮನೆಯ ಚಟ್ನಿ ತಿಂದರು. ಬೀಜವನ್ನು ಸಾಲಿನ ಏರಿಯ ನೆತ್ತಿಯ ಮೇಲೆ ಹಾಕಬೇಡಿ, ಉಪ್ಪು ಅಲ್ಲಿಗೇ ಏರುತ್ತೆ, ಪಕ್ಕೆಯಲ್ಲಿ ಊರಿ ಅಂತ ಬಗ್ಗಿ ತೋರಿಸಿಕೊಟ್ಟರು. ಅವರು ತೋರಿಸಿದ್ದು ಒಂದು ಸಾಲು. ಮಿಕ್ಕಿದ್ದೆಲ್ಲ ಅವ್ವ ಬಗ್ಗಿದಳು.

ಆ ಹೊಲದಲ್ಲಿ ಗೇಯುವುದು ಅಂದರೆ ಏನು ಅಂತ ಗೇದವರಿಗೇ ಗೊತ್ತು. ಮಣ್ಣು ಬಿಸಿಲಿಗೆ ಕಲ್ಲು, ನೀರು ಬಿದ್ದರೆ ಅಂಟು. ಅವ್ವನ ಹಿಮ್ಮಡಿ ಒಡೆದಿದೆ. ಆ ಬಿರುಕುಗಳಿಗೆ ಉಪ್ಪು ಮಣ್ಣು ಕೂರುತ್ತದೆ. ಮಲಗುವ ಮುಂಚೆ ಹರಳೆಣ್ಣೆ ಹಚ್ಚಿ ಹಳೇ ಸೀರೆಯ ಬಟ್ಟೆ ಸುತ್ತಿಕೊಳ್ಳುತ್ತಾಳೆ. ಬೆಳಿಗ್ಗೆ ಬಿಚ್ಚುವಾಗ ಬಟ್ಟೆಯ ಜೊತೆ ಚರ್ಮವೂ ಬರುತ್ತದೆ. ಜೋಳ ಎತ್ತರಕ್ಕೆ ಬಂದ ಮೇಲೆ ಕಳೆ ತೆಗೆಯಲು ಸಾಲಿನೊಳಗೆ ಹೋದರೆ ಗರಿ ತೋಳು ಗೀರುತ್ತದೆ, ಕತ್ತು ಗೀರುತ್ತದೆ. ಗೀರಿದ ಜಾಗಕ್ಕೆ ಬೆವರು ಇಳಿಯುತ್ತದೆ. ಭಾನುವಾರ ನಾನೂ ಹೋಗುತ್ತಿದ್ದೆ. ಸೋಮವಾರ ಮಿಷನ್ ಮುಂದೆ ಕೂತಾಗ ನನ್ನ ತೋಳು ನೋಡಿ ಸೂಪರ್‌ವೈಸರು, ಬೆಕ್ಕು ಸಾಕಿದ್ದೀಯೇನಮ್ಮ ಅಂತ ಕೇಳಿದ.

ಕೆಲವು ತಳಿ ಮೊಳಕೆಯಲ್ಲೇ ಸತ್ತವು. ಕೆಲವು ಮೊಣಕಾಲುದ್ದ ಬಂದು, ಗರಿಯ ತುದಿ ಸುಟ್ಟುಕೊಂಡು ಅಲ್ಲೇ ನಿಂತವು. ಒಂದು ತಳಿ ಮಾತ್ರ ಬೆಳೆಯಿತು. ಅಪ್ಪನನ್ನೂ ಮೀರಿ ಬೆಳೆಯಿತು. ಸುಳ್ಳು ಯಾಕೆ ಹೇಳಲಿ, ಆ ಬಿಳಿ ನೆಲದ ಮೇಲೆ ಅಷ್ಟು ಹಸಿರು ನೋಡಿ ನನಗೂ ಕಣ್ಣು ತುಂಬಿತು. ಜೋಳದ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಪಾಡಿಗೆ ಬದುಕಿತು.

ಕೊಯ್ದ ಮೇವು ಸಂಘದ ದನಗಳಿಗೆ ಅಂತ ಮೊದಲೇ ಮಾತಾಗಿತ್ತು. ಸಂಘದ ದನ ಅಂದರೆ ಮುಕ್ಕಾಲು ಪಾಲು ಹೊನ್ನಯ್ಯನ ದನ. ಅವ್ವ ಹೊರೆ ಕಟ್ಟಿ, ತಲೆಯ ಮೇಲೆ ಇಟ್ಟುಕೊಂಡು, ಅವನ ಹಿತ್ತಿಲಿಗೆ ಹಾಕಿ ಬರುತ್ತಿದ್ದಳು. ನಮ್ಮ ಮನೆಯಲ್ಲಿ ಉಣ್ಣುವುದು ರೇಷನ್ ಅಕ್ಕಿ. ಸ್ವಂತ ಜಮೀನಿರುವವಳು ಒಂದು ಮುದ್ದೆಗೆ ಅಂಗಡಿಯ ರಾಗಿಹಿಟ್ಟು ತರುವುದು ಅವ್ವನಿಗೆ ಸಾವಿನಷ್ಟು ಅವಮಾನ. ಅಂಗಡಿಗೆ ಹೋಗುವಾಗ ಚೀಲವನ್ನು ಸೆರಗಿನೊಳಗೆ ಮುಚ್ಚಿಕೊಂಡು ಹೋಗುತ್ತಾಳೆ.

ಒಂದು ದಿನ ಅವಳು ಮೇಡಂ ಹತ್ತಿರ ಬಾಯಿಬಿಟ್ಟು ಕೇಳಿದಳು.

"ಮೇಡಮ್ಮೋರೆ, ನೀವು ಯೋಳುದ್ರೆ ಕೇಳ್ತರೆ. ಆ ಮೋರಿ ತೆಗಿಸ್ಕೊಡಿ. ಉಪ್ಪು ಹೋದ್ರೆ ರಾಗಿ ಬಿತ್ಕೋತೀವಿ."

ಮೇಡಂ ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು. "ನಿಜ ಮಹದೇವಮ್ಮ. ನೀರು ಬಸಿದು ಹೋದರೆ ಒಂದಷ್ಟು ಮಳೆಗಾಲದಲ್ಲಿ ಈ ಉಪ್ಪು ತೊಳೆದುಹೋಗುತ್ತೆ. ಅದು ನಮಗೂ ಗೊತ್ತು. ಆದರೆ ಮೋರಿ ನಮ್ಮ ಇಲಾಖೆಗೆ ಬರಲ್ಲ." ಆಮೇಲೆ ಹೇಳಿದರು, "ಇನ್ನೊಂದು ವಿಷಯ. ಪ್ರಯೋಗ ಮುಗಿಯುವವರೆಗೆ ಮಣ್ಣು ಹೀಗೇ ಇರಬೇಕು. ಉಪ್ಪು ಕಡಿಮೆಯಾದರೆ ನಮ್ಮ ಲೆಕ್ಕವೆಲ್ಲ ತಪ್ಪಿಹೋಗುತ್ತೆ. ಇನ್ನು ಸ್ವಲ್ಪ ವರ್ಷ ತಡ್ಕೊಳ್ಳಿ."

ಅವ್ವ ಅವರ ಮುಖವನ್ನೇ ನೋಡಿದಳು. "ಅಂದ್ರೆ ಉಪ್ಪ ಸಾಕ್ಬೇಕು ನಾವು. ಹಸ ಸಾಕ್ದಂಗೆ."

ಮೇಡಂ ತಲೆ ತಗ್ಗಿಸಿದರು. ನನಗೆ ಮೈಯೆಲ್ಲ ಉರಿಯಿತು. ಗೊತ್ತಿಲ್ಲದವರಿಗೆ ಹೇಳಿಕೊಡಬಹುದು. ಇವರಿಗೆ ಎಲ್ಲ ಗೊತ್ತಿದೆ. ಮೋರಿಯ ಬಾಯಿ ಎಲ್ಲಿದೆ ಅಂತ ಗೊತ್ತಿದೆ, ಮುಚ್ಚಿಸಿದವನು ಯಾರು ಅಂತ ಗೊತ್ತಿದೆ, ಅವನ ಮನೆಯಲ್ಲಿ ಕೂತು ಕಾಫಿಯನ್ನೂ ಕುಡಿಯುತ್ತಾರೆ. ಗೊತ್ತಿದ್ದೂ ನಮಗೇ ತಡ್ಕೊಳ್ಳಿ ಅನ್ನುತ್ತಾರೆ.

ನಾಲೆಯಲ್ಲಿ ನೀರು ಬಿಟ್ಟಿದ್ದ ದಿನಗಳಲ್ಲೇ, ಒಂದು ಭಾನುವಾರ, ಕ್ಷೇತ್ರೋತ್ಸವ ಇಟ್ಟುಕೊಂಡರು. ಜೋಳ ತೋರಿಸುವ ಹಬ್ಬ. ಮಳವಳ್ಳಿ ಕಡೆಯಿಂದಲೂ ರೈತರು ಬಂದರು. ಗಾಡಿದಾರಿಯ ಮೇಲೆ ಶಾಮಿಯಾನ ಹಾಕಿ, ಸರಿಯಾಗಿ ಮೋರಿಯ ನೆತ್ತಿಯ ಮೇಲೆ ಸ್ಟೇಜು ಕಟ್ಟಿದ್ದರು. ಫ್ಲೆಕ್ಸಿನಲ್ಲಿ ಹೊನ್ನಯ್ಯನ ಫೋಟೋ, ಕೆಳಗೆ ಪ್ರಗತಿಪರ ರೈತರು ಅಂತ. ಹೊಲ ನಮ್ಮದು, ಬೆನ್ನು ಅವ್ವನದು, ಫೋಟೋ ಅವನದು.

ಕುರ್ಚಿಗಳು ಊರಿನವರಿಗೆ. ನಾವು ಶಾಮಿಯಾನದ ನೆರಳು ಮುಗಿಯುವಲ್ಲಿ, ಬದುವಿನ ಮೇಲೆ. ಕಾಫಿ ಬಂತು. ಕುರ್ಚಿಯವರಿಗೆ ಸ್ಟೀಲ್ ಲೋಟ, ನಮಗೆ ಪೇಪರ್ ಕಪ್ಪು. ನಮ್ಮಜ್ಜನ ಕಾಲದಲ್ಲಿ ತೆಂಗಿನ ಚಿಪ್ಪು ಇತ್ತಂತೆ. ಪೇಪರ್ ಕಪ್ಪು ಬಂದ ಮೇಲೆ ಅವರಿಗೆ ಬಹಳ ಸುಲಭವಾಯಿತು, ಯಾರೂ ಏನೂ ಕೇಳುವ ಹಾಗಿಲ್ಲ. ಅಪ್ಪ ಕಪ್ಪನ್ನು ಎರಡೂ ಕೈಯಲ್ಲಿ ಹಿಡಿದು ಕುಡಿಯುತ್ತಿದ್ದ. ಪಕ್ಕದಲ್ಲಿ ಅವನ ಗುದ್ದಲಿ. ನೀರುಗಂಟಿ ಗುದ್ದಲಿ ಬಿಟ್ಟು ಎಲ್ಲಿಗೂ ಹೋಗುವುದಿಲ್ಲ.

ಹೊನ್ನಯ್ಯ ಮೈಕು ಹಿಡಿದ.

"ಈ ಜೋಳ ನೋಡ್ರಪ್ಪ. ಎಷ್ಟ್ ಉಪ್ಪಿದ್ರೂ ಒಂದ್ ಮಾತಾಡ್ದೆ ತಡ್ಕತದೆ. ಮನ್ಸ ಅನ್ನೋನು ಇದ ನೋಡಿ ಕಲೀಬೇಕು. ಕೆಲವ್ರು ಮೋರಿ ಗೀರಿ ಅಂತ ಅರ್ಜಿ ಹಾಕೊಂಡು ಕುಂತವ್ರೆ. ಇನ್ ಅದ್ರ ಅಗತ್ಯ ಇಲ್ಲ. ಪಂಚಾಯ್ತಿಲಿ ಆ ವಿಸ್ಯ ಇವತ್ಗೆ ಮುಗೀತು. ಕಾಲೊನಿಯೋರ ಅಷ್ಟೂ ಜಮೀನು ಮುಂದಕ್ಕೆ ಸಂಘದ ಮೇವಿನ ಹೊಲ. ಅವ್ರಿಗೂ ವರ್ಸ ಪೂರ್ತಿ ಕೆಲ್ಸ, ನಮ್ ದನಕ್ಕೂ ಮೇವು."

ಕುರ್ಚಿಯವರು ಚಪ್ಪಾಳೆ ತಟ್ಟಿದರು. ಮೇಡಂ ಕೈಯಲ್ಲಿದ್ದ ಫೈಲನ್ನು ತೊಡೆಯ ಮೇಲೆ ನೇರ ಮಾಡಿಕೊಂಡರು. ನಮ್ಮ ಜಮೀನು ನಮ್ಮ ಕಣ್ಣೆದುರೇ, ನಮ್ಮನ್ನು ಒಂದು ಮಾತು ಕೇಳದೆ, ಅವನ ಕೊಟ್ಟಿಗೆಗೆ ಹೋಯಿತು.

ಹೊನ್ನಯ್ಯನ ಮಗ ಶಶಿಧರ್ ಫೋನು ಹಿಡಿದುಕೊಂಡು ನಮ್ಮ ಕಡೆ ಬಂದ. "ಮಾದೇವಮ್ಮ, ಒಂದ್ ಹೊರೆ ಹೊತ್ಕೊಂಡ್ ಬಾ, ಫೋಟೋಗೆ. ಸ್ಟೇಜ್ ಹತ್ತೋದ್ ಬೇಡ, ಕೆಳಗೇ ನಿಂತ್ಕೊ. ಸ್ವಲ್ಪ ನಗು."

ಅವ್ವನಿಗಿಂತ ಅರ್ಧಕ್ಕರ್ಧ ಚಿಕ್ಕವನು. ಅವ್ವ ಎದ್ದಳು. ಕೊಯ್ದಿಟ್ಟಿದ್ದ ಹೊರೆಯನ್ನು ನಾನೇ ಅವಳ ತಲೆಗೆ ಎತ್ತಿಕೊಟ್ಟೆ. ಹಸಿ ಜೋಳದ ಹೊರೆ, ಕಲ್ಲಿನಷ್ಟು ಭಾರ. ಅವಳು ಕುರ್ಚಿಗಳ ಮಧ್ಯೆ ನಡೆದುಕೊಂಡು ಹೋದಳು. ಗರಿ ತಾಗದಿರಲಿ ಅಂತ ಜನ ಕಾಲು ಎಳೆದುಕೊಂಡರು. ಸ್ಟೇಜಿನ ಮುಂದೆ ಅವಳು ಹೊರೆ ಇಳಿಸಲಿಲ್ಲ. ಕೆಡವಿದಳು. ಧೂಳೆದ್ದಿತು.

"ಇದು ಉಪ್ಪ ತಿಂದು ಬದುಕ್ತದೆ" ಅಂದಳು. "ನಾನ್ ಬದುಕಾಕಿಲ್ಲ. ನಾನು ಜೋಳ ಅಲ್ಲ. ನಂಗೆ ನನ್ ಹೊಲದಲ್ಲಿ ರಾಗಿ ಬೇಕು. ಮೋರಿ ತೆಗೀರಿ. ಅದ್ನ ತೆಗೆಯೋಗಂಟ ಈ ಹೊಲದಲ್ಲಿ ಒಂದ್ ಗರಿನೂ ಕೊಯ್ಯಾಕಿಲ್ಲ, ಒಂದ್ ಬೀಜನೂ ಊರಾಕಿಲ್ಲ."

ಮೈಕಿಲ್ಲದೆಯೇ ಅವಳ ಮಾತು ಕೊನೆಯವರೆಗೆ ಕೇಳಿಸಿತು. ಹೊನ್ನಯ್ಯ ನಕ್ಕ. ಅವನಿಗೆ ಸಿಟ್ಟು ಬಂದರೂ ಮೊದಲು ನಗುವುದೇ ಅಭ್ಯಾಸ.

"ಕರಿಸಿದ್ದ, ನಿನ್ ಎಂಡ್ರ ಕರ್ಕಂಡೋಗ್ಲಾ" ಅಂದ. ಮೈಕಿನಲ್ಲೇ ಅಂದ. "ಮೋರಿ ಮುಚ್ದೋನು ನೀನು ಅಂತ ಅವ್ಳಿಗೆ ಗ್ಯಪ್ತಿ ಮಾಡು."

ಕುರ್ಚಿಗಳು ನಕ್ಕವು. ಅಪ್ಪ ಎದ್ದ. ತಪ್ಪಾಯ್ತು ಬುದ್ದಿ ಅನ್ನುತ್ತಾನೆ ಅಂತ ನಾನು ಹಲ್ಲು ಕಚ್ಚಿಕೊಂಡೆ. ಅವನು ಕಪ್ಪಿನಲ್ಲಿ ಉಳಿದ ಕಾಫಿಯನ್ನು ನೆಲಕ್ಕೆ ಚೆಲ್ಲಿದ. ಗುದ್ದಲಿ ಹೆಗಲಿಗೆ ಹಾಕಿದ. ಎಲ್ಲರೂ ಅವನು ಅವ್ವನ ಹತ್ತಿರ ಹೋಗುತ್ತಾನೆ ಅಂದುಕೊಂಡರು. ಅವನು ಸ್ಟೇಜಿನ ಪಕ್ಕದಿಂದ ದಾರಿಯ ಇಳಿಜಾರಿಗೆ ಹೊರಳಿ, ಅಂಚಿನಲ್ಲಿ ನಿಂತಿದ್ದ ನೀರಿಗೆ ಇಳಿದ. ಸೊಂಟದವರೆಗೆ ಇಳಿದ. ಗುದ್ದಲಿ ಎತ್ತಿ ಮೋರಿಯ ಬಾಯಿಗೆ ಹೊಡೆದ.

ಮೊದಲು ಜೇಡಿಮಣ್ಣು ಹೆಂಟೆ ಹೆಂಟೆಯಾಗಿ ಬಿತ್ತು. ಆಮೇಲೆ ಕೊಳೆತ ಗೋಣಿಚೀಲ ಬಂತು, ಕಪ್ಪಗೆ, ನಾರುತ್ತ. ನಾನೂ ಇಳಿದೆ. ಕಲ್ಲಿನ ಸಂದಿಗೆ ಬೆರಳು ಹಾಕಿ ಎಳೆದೆ. ಎರಡು ಉಗುರು ಕಿತ್ತುಹೋಯಿತು. ಅವ್ವ ಸೀರೆ ಎತ್ತಿ ಕಟ್ಟಿಕೊಂಡು ಇಳಿದಳು. ಬದುವಿನ ಮೇಲೆ ಕೂತಿದ್ದ ಮಾಯಮ್ಮ, ಜಗಿಯುತ್ತಿದ್ದ ಎಲೆಅಡಿಕೆಯನ್ನು ಉಗಿದು ಇಳಿದಳು. ಮಿಕ್ಕವರು ಇಳಿಯಲಿಲ್ಲ. ಆದರೆ ಎದ್ದು ನಿಂತರು.

ಶಶಿಧರ್ ಓಡಿಬಂದು ಇಳಿಜಾರಿನಿಂದ ಬಗ್ಗಿ ಗುದ್ದಲಿಯ ಕಾವು ಹಿಡಿದ. ಅಪ್ಪ ಬಿಡಲಿಲ್ಲ. ಅವನು ಅಪ್ಪನ ಹೆಗಲಿಗೆ ಒದ್ದ. ಶೂ ಕಾಲಿನಲ್ಲಿ ಒದ್ದ. ಅಪ್ಪ ಕೆಸರಿಗೆ ಬಿದ್ದ, ಹುಬ್ಬಿನ ಮೇಲೆ ಕಲ್ಲು ತಗುಲಿ ರಕ್ತ ಬಂತು. ಸ್ಟೇಜಿನ ಮೇಲೆ ಅಷ್ಟು ಜನ ದೊಡ್ಡವರಿದ್ದರು. ಮೇಡಂ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದರು. ಒಂದು ಮಾತು ಆಡಬಹುದಿತ್ತು. ಆಡಲಿಲ್ಲ. ಅಪ್ಪ ಎದ್ದ. ಗುದ್ದಲಿಯನ್ನು ಶಶಿಧರನ ಕೈಗೇ ಬಿಟ್ಟು, ಬರಿಗೈಯನ್ನು ಮೋರಿಯೊಳಗೆ ಹಾಕಿದ.

ಹೊನ್ನಯ್ಯ ದಾರಿಯ ಅಂಚಿಗೆ ಬಂದ. ನಗು ಹೋಗಿತ್ತು.

"ಕರಿಸಿದ್ದ, ಮುಚ್ಚು."

ಅಪ್ಪನ ತೋಳು ಹೆಗಲಿನವರೆಗೆ ಮೋರಿಯೊಳಗಿತ್ತು. ಕೆನ್ನೆ ಕಲ್ಲಿಗೆ ಒತ್ತಿತ್ತು.

"ನನ್ ಮಾತು ಕೇಳ್ತಿಲ್ವೇನ್ಲಾ. ಆಚ್ಗೆ ಕಬ್ಬು ಅದೆ. ಮುಚ್ಚು."

"ಮುಚ್ಚಾಕಿಲ್ಲ ಕಣಯ್ಯ, ಒನ್ನಯ್ಯ."

ಅಷ್ಟೇ. ಬುದ್ದಿ ಇರಲಿಲ್ಲ. ನಮ್ಮಪ್ಪ ಆ ಹೆಸರನ್ನು ಆ ಮನುಷ್ಯನ ಮುಖದ ಮುಂದೆ ಹೇಳಿದ್ದನ್ನು ನಾನು ಹುಟ್ಟಿದಂದಿನಿಂದ ಕೇಳಿರಲಿಲ್ಲ. ಊರೂ ಕೇಳಿರಲಿಲ್ಲ. ಹೊನ್ನಯ್ಯನ ಮುಖ ಕೆನ್ನೆಗೆ ಹೊಡೆಸಿಕೊಂಡವನ ಹಾಗಾಯಿತು. ಅಪ್ಪ ಒಳಗಿನ ಕಲ್ಲನ್ನು ಅಲ್ಲಾಡಿಸಿ, ಅಲ್ಲಾಡಿಸಿ, ಎದೆಗೆ ಎಳೆದುಕೊಂಡು ಹಿಂದಕ್ಕೆ ಬಿದ್ದ.

ನೀರು ಒಂದು ಕ್ಷಣ ಸುಮ್ಮನಿತ್ತು. ಆಮೇಲೆ ಹೊರಟಿತು. ಕಂದು ನೀರು, ಅಂಚಿನಲ್ಲಿ ಬಿಳಿ ನೊರೆ. ಸ್ಟೇಜಿನ ಕೆಳಗೆ ನುಗ್ಗಿ, ಆಚೆ ಕಡೆಯ ಕಬ್ಬಿನ ಸಾಲುಗಳಿಗೆ ಬಿತ್ತು. ನಮ್ಮ ಕಾಲಿನ ಸುತ್ತ ನೀರು ಇಳಿಯುವುದು ಗೊತ್ತಾಗುತ್ತಿತ್ತು. ಮಾಯಮ್ಮ ಅಳುತ್ತಿದ್ದಳು.

ನಾಳೆ ಏನಾಗುತ್ತದೆ ಅಂತ ನಮಗೆ ಗೊತ್ತಿತ್ತು. ಸಂಘದ ಡೈರಿಯಲ್ಲಿ ನಮ್ಮ ಕೇರಿಯವರ ಹಾಲು ಹಾಕಿಸಿಕೊಳ್ಳುವುದಿಲ್ಲ. ಅಪ್ಪನಿಗೆ ತೂಬಿನ ಕೆಲಸ ಇರುವುದಿಲ್ಲ. ಜೀಪು ಬರುತ್ತದೆ, ಜೋಳದವರದಲ್ಲ, ಪೊಲೀಸಿನವರದು. ಮೋರಿಯನ್ನು ಮತ್ತೆ ಮುಚ್ಚಿಸಲು ನೋಡುತ್ತಾರೆ. ಮುಚ್ಚುವ ಕೈ ಅವರು ಬೇರೆ ಹುಡುಕಬೇಕು. ಇಷ್ಟು ಗೊತ್ತಿದ್ದೇ ನಾವು ನೀರಿನಲ್ಲಿ ನಿಂತಿದ್ದೆವು. ಅಪ್ಪ ಹುಬ್ಬಿನ ರಕ್ತ ಒರೆಸಿಕೊಂಡು, ನೀರು ಹೋಗುವುದನ್ನು 'ಇನ್ನೊಬ್ಬರ ಸರದಿ' ಅಂತಲ್ಲದೆ ಮೊದಲ ಸಲ ತನ್ನದು ಅಂತ ನೋಡುತ್ತಿದ್ದ.

"ನನ್ ಕಬ್ಬು" ಅಂದ ಹೊನ್ನಯ್ಯ. ಧ್ವನಿ ಒಡೆದಿತ್ತು. "ಉಪ್ಪುನೀರು ಕುಡುದ್ರೆ ನನ್ ಕಬ್ಬು ಸತ್ತೋಯ್ತದೆ ಕಣ್ರಲಾ."

ಅವ್ವ ದಾರಿಗೆ ಹತ್ತಿದಳು. ಸೀರೆಯಿಂದ ನೀರು ಸೋರುತ್ತಿತ್ತು. ಸ್ಟೇಜಿನ ಮುಂದೆ ಕೆಡವಿದ್ದ ಜೋಳದ ಹೊರೆಯನ್ನು ಕಾಲಿನಲ್ಲಿ ಅವನ ಕಡೆ ತಳ್ಳಿದಳು.

"ಜೋಳ ಬಿತ್ಕೊ" ಅಂದಳು. "ಎಷ್ಟ್ ಉಪ್ಪಿದ್ರೂ ಒಂದ್ ಮಾತಾಡ್ದೆ ತಡ್ಕತದೆ."